ಕಂಟೆವ್ವ ನುಂಗಿದ ಬೇಲಿ

ಕವಳಿಹಣ್ಣಿನ ಹಾಲು ಒಮ್ಮೆ ತುಟಿಗೆ ಅಂಟಿತೆಂದರೆ ಸುಲಭಕ್ಕೆ ಬಿಡುವುದಿಲ್ಲ. ಈ ಸಲ ಕಾರಹುಣ್ಣಿಮೆಗೆ ಮುಂಚೆ ಬನಶಂಕರಿಗೆ ಹೋಗಿದ್ದೆ. ಗುಡಿಯ ಹೊರಗೆ ರೊಟ್ಟಿ, ಮೊಸರು ಮಾರುವ ಹೆಂಗಸರ ಸಾಲಿನಲ್ಲಿ ಒಬ್ಬಾಕೆಯ ಬುಟ್ಟಿಯ ಪಕ್ಕ, ಮುತ್ತಲ ಎಲೆಯ ಮೇಲೆ, ಒಂದು ಬೊಗಸೆಯಷ್ಟು ಕವಳಿಹಣ್ಣು ಕಪ್ಪಗೆ ಮಿಂಚುತ್ತಿದ್ದವು. ಅವನ್ನು ನೋಡಿ ಎಷ್ಟು ವರ್ಷವಾಗಿತ್ತೋ. ಹಸಿವು ಮರೆತು ಅವುಗಳ ಮುಂದೆ ಕುಕ್ಕರಗಾಲಲ್ಲಿ ಕೂತೆ.

“ಎಲ್ಲೀವು ಯವ್ವಾ ಇವು?” ಎಂದೆ.

“ಮಹಾಕೂಟದ ಗುಡ್ಡದಾಗಿನವು ರೀ. ಈಗ ಹೊಲದಾಗ ಎಲ್ಲಿ ಸಿಗತಾವ? ಬೇಲೀನ ಇಲ್ಲ.”

ಬೇಲಿಯೇ ಇಲ್ಲ ಎನ್ನುವ ಮಾತನ್ನು ಆಕೆ ರೊಟ್ಟಿಯ ಮೇಲೆ ಬದನೆಕಾಯಿ ಪಲ್ಯ ಹಾಕುತ್ತ ಹೇಳಿದಳು, ಬಾದಾಮಿಯ ಬಸ್ಸು ಇವತ್ತು ತಡ ಎನ್ನುವಷ್ಟು ಸಾದಾ ದನಿಯಲ್ಲಿ. ನನಗೆ ಮೈ ಉರಿಯಿತು. ಆಕೆಯ ಮೇಲಲ್ಲ. ಹೊಲಕ್ಕೆ ಹೋದ ಮಕ್ಕಳು ಅಂಗಿಯ ಕಿಸೆ ಕಲೆ ಮಾಡಿಕೊಂಡು ತರುತ್ತಿದ್ದ ಹಣ್ಣು ಇವತ್ತು ಗುಡ್ಡ ಹತ್ತಿ ಹುಡುಕಿ ತರುವಂಥದಾಗಿದೆ, ಅದಕ್ಕೆ ಯಾರಿಗೂ ಏನೂ ಅನ್ನಿಸುತ್ತಿಲ್ಲವಲ್ಲ, ಅದರ ಮೇಲೆ. ಹಣ್ಣು ಕಟ್ಟಿಸಿಕೊಂಡು ಒಂದನ್ನು ಬಾಯಿಗೆ ಹಾಕಿಕೊಂಡೆ. ಮೊದಲು ಹುಳಿ, ಆಮೇಲೆ ಸಿಹಿ, ಕೊನೆಗೆ ತುಟಿಯ ಮೇಲೆ ಆ ಹಾಲಿನ ಅಂಟು. ಅದರ ಹಿಂದೆಯೇ ಮಾಸ್ತರ ನೆನಪಾದರು…

ನನ್ನ ತವರೂರು ಹುನಗುಂದಕ್ಕೂ ಕೂಡಲಸಂಗಮಕ್ಕೂ ನಡುವೆ ಇದೆ. ಅಲ್ಲಿ ನಮ್ಮ ಹೊಲ, ಮಾಸ್ತರರ ಹೊಲ ಅಕ್ಕಪಕ್ಕ. ಎರಡರ ನಡುವೆ ಗಾಡಿದಾರಿಯಿಂದ ಹಿಡಿದು ಕೆಳಗಿನ ಹಳ್ಳದವರೆಗೆ ಒಂದು ಬೇಲಿ ಇತ್ತು. ಬೇಲಿ ಎಂದರೆ ಈಗಿನವರ ಕಣ್ಣಿಗೆ ಸಿಮೆಂಟ್ ಕಂಬ, ತಂತಿ ಬರುತ್ತದೆ. ಅದಲ್ಲ. ದನ ನುಗ್ಗದಿರಲಿ ಎಂದು ಅಜ್ಜನ ಕಾಲದಲ್ಲಿ ಯಾರೋ ಜಾಲಿಮುಳ್ಳಿನ ಪೊದೆ, ಅಂದರೆ ಕಂಟಿಗಳನ್ನು ಎಳೆದು ಹಾಕಿದ್ದರಂತೆ. ಅದರ ಮೇಲೆ ಹಕ್ಕಿಗಳು ಕೂತವು, ಹಿಕ್ಕೆ ಹಾಕಿದವು, ಹಿಕ್ಕೆಯಲ್ಲಿದ್ದ ಬೀಜ ಮೊಳೆಯಿತು. ಉಳಿದದ್ದೆಲ್ಲ ತಾನೇ ಬೆಳೆದದ್ದು. ಕವಳಿ, ಕಾರಿ, ಬಾರಿ, ನಡುನಡುವೆ ಲೆಕ್ಕಿ, ಅಂಚಿಗೆ ಹಳದಿ ಹೂವಿನ ಆವರಿಕೆ, ಎಲ್ಲವನ್ನೂ ಸುತ್ತಿಕೊಂಡು ತೊಂಡೆಬಳ್ಳಿ. ಎರಡಾಳು ಎತ್ತರ, ಒಂದು ಎತ್ತಿನ ಬಂಡಿ ಅಡ್ಡ ನಿಲ್ಲಿಸುವಷ್ಟು ಅಗಲ.

ನಮ್ಮದು ಬೀರಪ್ಪನ ಒಕ್ಕಲು, ಕುರಿ ಇದ್ದ ಮನೆ. ಬೇಸಿಗೆಯಲ್ಲಿ ಎಲ್ಲ ಕಡೆ ಒಣಗಿದಾಗ ನಮ್ಮ ಮರಿಗಳಿಗೆ ಹಸಿ ಎಲೆ ಸಿಗುತ್ತಿದ್ದದ್ದು ಆ ಬೇಲಿಯಲ್ಲಿ. ಅವ್ವ ತೊಂಡೆಕಾಯಿ ಕೀಳುತ್ತಿದ್ದಳು. ಲೆಕ್ಕಿಯ ಬರಲುಕಡ್ಡಿ ಕಡಿದು ಬುಟ್ಟಿ ಹೆಣೆಯುವವರು ಬರುತ್ತಿದ್ದರು. ಬುಡದ ಹುಲ್ಲಿನಲ್ಲಿ ಕೌಜುಗ ಮೊಟ್ಟೆ ಇಡುತ್ತಿತ್ತು, ನೆರಳಿನಲ್ಲಿ ಮೊಲ ಮಲಗುತ್ತಿತ್ತು, ಮುಂಗುಸಿ ಮರಿಗಳನ್ನು ಹಿಂದೆ ಕಟ್ಟಿಕೊಂಡು ಈ ಹೊಲದಿಂದ ಆ ಹೊಲಕ್ಕೆ ದಾಟುತ್ತಿತ್ತು. ಉಡ ಇತ್ತು. ಕಡ್ಡಿಗೆ ಕಟ್ಟಿದ ಸಣ್ಣ ಜೇನು ಇತ್ತು. ಹಾವೂ ಇತ್ತು, ಇಲ್ಲ ಎನ್ನುವುದಿಲ್ಲ. ಹಾವು ಇದ್ದದ್ದಕ್ಕೇ ಇಲಿ ಕಡಿಮೆ ಇದ್ದವು.

ಮಾಸ್ತರ ಎಂದರೆ ನಮ್ಮೂರ ಸಾಲಿಯಲ್ಲಿ ನನಗೂ ನನ್ನ ಅಪ್ಪನಿಗೂ ಕಲಿಸಿದವರು. ನಾನು ಬಿ.ಎ. ಮುಗಿಸಿ ಮನೆಯಲ್ಲಿ ಕೂತಿದ್ದ ಹೊತ್ತಿಗೆ ಅವರು ನಿವೃತ್ತರಾಗಿ ಬಹಳ ದಿನವಾಗಿತ್ತು, ಆದರೆ ಸಿಟ್ಟು ಮಾತ್ರ ನಿವೃತ್ತಿಯಾಗಿರಲಿಲ್ಲ. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಕೈಯಲ್ಲಿ ಕಾರಿಗಿಡದ ಬೆತ್ತ. ಒಕ್ಕಲುತನ ಅವರಿಗೆ ಅಷ್ಟಾಗಿ ಗೊತ್ತಿರಲಿಲ್ಲ. ಅವರ ಕಡಲೆಗೆ ಯಾವಾಗಲೂ ಎಲ್ಲರಿಗಿಂತ ಮೊದಲು ರೋಗ. ಹಕ್ಕಿಗಳ ಹೆಸರಂತೂ ಕೇಳಲೇಬೇಡಿ. ಕೌಜುಗ ಒಂದನ್ನು ಬಿಟ್ಟರೆ ಸಣ್ಣದೆಲ್ಲ ಗುಬ್ಬಿ, ದೊಡ್ಡದೆಲ್ಲ ಹದ್ದು. ಆದರೂ ದಿನಾ ಬೆಳಿಗ್ಗೆ ಬೇವಿನಕಡ್ಡಿ ಜಗಿಯುತ್ತ ಬೇಲಿಯ ಉದ್ದಕ್ಕೂ ನಡೆದು ಹಾಜರಿ ಕರೆಯುತ್ತಿದ್ದರು. ಹೌದು, ಸಾಲಿಯಲ್ಲಿ ಕರೆದ ಹಾಗೇ. “ಕೌಜುಗಾ” ಎಂದು ಕೂಗುವರು. ಕಂಟಿಯೊಳಗಿಂದ ಅದು ಕೂಗಿದರೆ ಬೆತ್ತ ಎತ್ತಿ “ಹಾಜರ್” ಎನ್ನುವರು. “ಮೊಲಾ” ಎಂದು ಕರೆದು, ಹುಲ್ಲಿನಲ್ಲಿ ಹಿಕ್ಕೆ ಕಂಡರೆ ಅದೂ ಹಾಜರ್. ಮುಂಗುಸಿ ಕಾಣದಿದ್ದ ದಿನ ಖರೇನೇ ಸಿಟ್ಟು ಮಾಡಿಕೊಂಡು, “ಇದಕ್ಕ ಸಾಲಿ ತಪ್ಪಸೂ ಚಟ ಭಾಳ ಐತಿ” ಎಂದು ನನ್ನ ಅಪ್ಪನಿಗೆ ದೂರುತ್ತಿದ್ದರು. ಅಪ್ಪ ಅವರ ಹಳೆಯ ಶಿಷ್ಯ. ತಾನೇ ಸಾಲಿ ತಪ್ಪಿಸಿದವನ ಹಾಗೆ ತಲೆ ತಗ್ಗಿಸುತ್ತಿದ್ದ.

ಇನ್ನೊಂದು ಮಾತು ಹೇಳದೆ ಮುಂದಿನದು ತಿಳಿಯುವುದಿಲ್ಲ. ಮಾಸ್ತರರು ಕಲ್ಲುದೇವರಿಗೆ ಕೈ ಮುಗಿದವರಲ್ಲ. ಶರಣರ ವಚನ ಹೇಳಿಕೊಂಡೇ ಬೆಳೆದವರು. ಅಂಗೈಯ ಲಿಂಗ ಬಿಟ್ಟರೆ ಬೇರೆ ದೇವರಿಲ್ಲ ಎಂಬುದು ಅವರಿಗೆ ಬರೀ ಬಾಯಿಮಾತಾಗಿರಲಿಲ್ಲ. ನಮ್ಮನ್ನು ಸಾಲಿಯಿಂದ ಮಹಾಕೂಟಕ್ಕೆ ಕರೆದುಕೊಂಡು ಹೋದಾಗ, ನಾವೆಲ್ಲ ಒಳಗೆ ಹೋಗಿ ಬರುವವರೆಗೂ ಹೊಂಡದ ಕಟ್ಟೆಯ ಮೇಲೆ ಕೂತು ಕವಳಿಹಣ್ಣು ತಿನ್ನುತ್ತಿದ್ದರು. ಊರಲ್ಲಿ ಯಾರಾದರೂ ಕಲ್ಲಿಗೆ ಕುಂಕುಮ ಹಚ್ಚಿದರೆ, ಅಂಥವರ ಮಕ್ಕಳಿಗೆ ಮರುದಿನ ತರಗತಿಯಲ್ಲಿ ಒಂದು ತಾಸು ಉಪದೇಶ. ಇದರಿಂದ ಅವರಿಗೆ ಹಗೆಗಳು ಬಹಳ. ಗೌರವವೂ ಬಹಳ, ಯಾಕೆಂದರೆ ಆಡಿದ್ದನ್ನೇ ಬದುಕಿದವರು ಎಂದು ಎಲ್ಲರಿಗೂ ಗೊತ್ತಿತ್ತು.

ನಾನು ಬಿ.ಎ. ಮುಗಿಸಿ ಕೂತ ಆ ಬೇಸಿಗೆಯಲ್ಲಿ ಪಂಚಾಯಿತಿ ಮೆಂಬರ ಜೆಸಿಬಿ ತಂದ. ಊರಿನ ಗಾಡಿದಾರಿಗೆ ಹತ್ತಿದ ಹೊಲಗಳ ಬೇಲಿಯನ್ನೆಲ್ಲ ಕಿತ್ತುಕೊಡುತ್ತೇನೆಂದು ಮನೆಮನೆಗೆ ಹೇಳಿಕೊಂಡು ಬಂದ. ನಮ್ಮ ಕಟ್ಟೆಗೂ ಬಂದು ಕೂತ.

“ಬೇಲಿ ಅಂದ್ರ ಹಾವಿನ ಮನಿ, ಹಂದೀ ಮನಿ. ಕಿತ್ತ ಒಗದ್ರ ಇಬ್ರಿಗೂ ಎರಡೆರಡು ಸಾಲ ಜಾಸ್ತಿ ಬರ್ತಾವ ನೋಡ್ರಿ,” ಎಂದ.

ಈ ಎರಡು ಸಾಲಿನ ಆಸೆಗೆ ನಮ್ಮ ಸೀಮೆ ಏನೇನು ಕೊಟ್ಟಿತು ಎಂದು ನೆನೆದರೆ ಇವತ್ತಿಗೂ ಪಿತ್ತ ನೆತ್ತಿಗೇರುತ್ತದೆ. ಒಂದೊಂದಾಗಿ ಎಲ್ಲ ಬೇಲಿಗಳೂ ಎದ್ದವು. ಜೆಸಿಬಿ ಬುಡಸಮೇತ ಎತ್ತಿ ರಾಶಿ ಹಾಕುತ್ತಿತ್ತು, ರಾಶಿಗೆ ಬೆಂಕಿ ಇಡುತ್ತಿದ್ದರು. ಬೆಂಕಿಯೊಳಗೆ ಏನೇನಿದ್ದವೋ ಯಾರೂ ನೋಡಲಿಲ್ಲ. ಹಂದಿ ಹೋದವೇ? ಎಲ್ಲಿ ಹೋದವು! ಹಳ್ಳದ ಕೆಳಗೆ ಕಬ್ಬು ಹಾಕಿದ್ದರಲ್ಲ, ಅದರೊಳಗೆ ಮನೆ ಮಾಡಿ ಮೊದಲಿಗಿಂತ ಜೋರಾಗಿ ಬಂದವು. ಈಗ ಅವಕ್ಕೆ ತಂತಿ ಎಳೆದು ಕರೆಂಟು ಬಿಡುತ್ತಾರೆ. ಮಾರನೆಯ ವರ್ಷ ತೊಗರಿಗೆ ಹುಳ ಬಿತ್ತು. ಹುಳದ ಎಣ್ಣೆ ಹೊಡೆದರು, ಮತ್ತೆ ಬಿತ್ತು, ಮತ್ತೆ ಹೊಡೆದರು. ಆಗ ತಿಳಿವಳಿಕೆ ಕೊಡಲು ಒಬ್ಬ ಸಾಹೇಬ ಬಂದು, ಹೊಲದಲ್ಲಿ ಅಲ್ಲಲ್ಲಿ ಕವಲುಕಡ್ಡಿ ನೆಡಿರಿ, ಹಕ್ಕಿ ಬಂದು ಕೂತು ಹುಳ ತಿನ್ನುತ್ತವೆ ಎಂದ. ಬೇಲಿ ಸುಟ್ಟ ಅದೇ ಹೊಲಗಳಲ್ಲಿ ಒಣಕಡ್ಡಿ ನೆಟ್ಟು ಹಕ್ಕಿಗಳ ದಾರಿ ಕಾದರು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ನೀವೇ ಹೇಳಿ.

ಇದೆಲ್ಲ ಆಮೇಲಿನ ಮಾತು. ಆ ಬೇಸಿಗೆಯಲ್ಲಿ ಉಳಿದದ್ದು ನಮ್ಮದೊಂದೇ ಬೇಲಿ. ಮಾಸ್ತರರು ಮೆಂಬರನ ಮನೆಗೆ ಹೋದರು, ಊರ ಹಿರಿಯರ ಹತ್ತಿರ ಹೋದರು, ತಮ್ಮ ಕೈಯಲ್ಲಿ ಏಟು ತಿಂದು ಕಲಿತವರನ್ನೆಲ್ಲ ನಿಲ್ಲಿಸಿ ಹೇಳಿದರು. ಒಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾಲ್ಕು ಮಂದಿ ನಕ್ಕರು. ಗುಬ್ಬಿಗಾಗಿ ಮಾಸ್ತರ ಊರು ತಿರುಗುತ್ತಾರೆ ಎಂದು ಹೋಟೆಲಿನಲ್ಲಿ ಮಾತಾಯಿತು. ಕೊನೆಗೆ ಅಪ್ಪನೂ ಮೆತ್ತಗಾದ. ಎಲ್ಲರೂ ಕಿತ್ತಾಗ ನಾವೊಬ್ಬರು ಇಟ್ಟುಕೊಂಡು ಏನು ಮಾಡುವುದು, ಊರ ಹಾವೆಲ್ಲ ನಮ್ಮಲ್ಲಿಗೇ ಬರುತ್ತವೆ ಎಂದ. ನಾನು ಅಪ್ಪನ ಜೊತೆ ಜಗಳಾಡಿದೆ, ಅವ್ವ ಎರಡು ದಿನ ಮುಖ ತಿರುಗಿಸಿದಳು, ಆದರೂ ಜೆಸಿಬಿ ಬರುವ ದಿನ ಗೊತ್ತಾಯಿತು.

ಅದರ ಹಿಂದಿನ ದಿನ ಮಧ್ಯಾಹ್ನ ಮಾಸ್ತರರು ನಮ್ಮ ಮನೆಗೆ ಬಂದರು. ಅಪ್ಪ ಇರಲಿಲ್ಲ. ಅವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು, ನಾನು ಪಕ್ಕದಲ್ಲಿದ್ದೆ. ಬಂದವರು ಕೂರಲಿಲ್ಲ. ಆ ಕಡೆ ಈ ಕಡೆ ನೋಡಿದರು. ಅವರು ಹಾಗೆ ತಡವರಿಸಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ.

“ತಂಗೀ, ಸ್ವಲ್ಪ ಭಂಡಾರ ಕೊಡ್ತೀಯೇನು? ಚೂರು ಕುಂಕಮಾನೂ ಬೇಕಾಗಿತ್ತು,” ಎಂದರು.

ಅವ್ವನ ಕೈಯೊಳಗಿನ ಮೊರ ನಿಂತಿತು. ಭಂಡಾರ ಎಂದರೆ ನಮ್ಮ ಬೀರಪ್ಪನ ಅರಿಸಿನ. ಅದನ್ನು ಮಾಸ್ತರರು ಕೇಳುವುದೆಂದರೆ! “ಯಾಕ್ರಿ ಮಾಸ್ತರ, ಮನ್ಯಾಗ ಯಾರಿಗೆ ಏನಾಗೇತಿ?” ಎಂದಳು.

“ಮನ್ಯಾಗ ಎಲ್ಲಾ ಆರಾಮದಾರ. ಕೊಡು, ಕೇಳಬ್ಯಾಡ.”

ಅವ್ವ ಕೇಳಲಿಲ್ಲ. ಆಕೆಗೆ ಆಗಲೇ ಗೊತ್ತಾಗಿತ್ತು ಅನ್ನಿಸುತ್ತದೆ. ಎಲೆಯಲ್ಲಿ ಕಟ್ಟಿ ಕೊಟ್ಟಳು. ಮಾಸ್ತರರು ಆ ಪೊಟ್ಟಣವನ್ನು ಕರಡಿಗೆಗೆ ತಾಗದಂತೆ ಒಂದು ಕೈಯಲ್ಲಿ ದೂರ ಹಿಡಿದುಕೊಂಡು ಹೋದರು. ಅವರ ಬೆನ್ನು ನೋಡಿ ನನಗೆ ನಗು ಬಂತು. ಅವ್ವ ನಗಲಿಲ್ಲ. “ಪಾಪ, ಇದನ್ನ ಮಾಡೂ ಹಂಗ ಆತಲ್ಲ ಅವರಿಗೆ,” ಎಂದಳು.

ಮರುದಿನ ಬೆಳಿಗ್ಗೆ ಬೇಲಿಯ ಗಾಡಿದಾರಿಯ ತುದಿಯಲ್ಲಿ, ಕವಳಿಗಿಡದ ಬುಡಕ್ಕೆ, ಹಳ್ಳದ ಒಂದು ಉದ್ದನೆಯ ಕಲ್ಲು ನಿಂತಿತ್ತು. ಮೈತುಂಬ ಭಂಡಾರ, ಹಣೆಗೆ ಕುಂಕುಮ, ಮುಂದೆ ಒಂದು ಒಡೆದ ತೆಂಗಿನಕಾಯಿ. ಜೆಸಿಬಿ ಬಂತು. ಮುಂದಿನ ಹಲ್ಲು ಇಳಿಸಿದ ಡ್ರೈವರ ಕಲ್ಲನ್ನು ಕಂಡವನೇ ಗಾಡಿ ಬಂದ್ ಮಾಡಿದ, ಚಪ್ಪಲಿ ಬಿಟ್ಟು ಇಳಿದು ಬಂದು ಕೈಮುಗಿದ. ಮೆಂಬರ ಎಷ್ಟು ಒದರಾಡಿದರೂ ಕೇಳಲಿಲ್ಲ. ಮಾಸ್ತರರು ತಮ್ಮ ಹೊಲದ ಅಂಚಿನಲ್ಲಿ ಬೆತ್ತ ಊರಿಕೊಂಡು ನಿಂತಿದ್ದರು. ಕಲ್ಲಿನ ಕಡೆ ನೋಡುತ್ತಿರಲಿಲ್ಲ. ಅದೇ ದಿನ ಸಂಜೆ ಬೇರೆ ಯಾರದೋ ಹೊಲದಲ್ಲಿ ಆ ಜೆಸಿಬಿಯ ಎಣ್ಣೆಯ ಪೈಪು ಒಡೆಯಿತು. ಹಳೆಯ ಗಾಡಿ, ಒಡೆಯದೆ ಏನು ಮಾಡೀತು? ಆದರೆ ಕತ್ತಲಾಗುವುದರೊಳಗೆ ಊರಿಗೆಲ್ಲ ಗೊತ್ತಾಗಿತ್ತು. ಕಂಟಿಯೊಳಗೆ ಅವ್ವ ನೆಲೆಸಿದ್ದಾಳೆ, ತಡವಿದರೆ ಬಿಡುವುದಿಲ್ಲ. ಯಾರು ಹೆಸರಿಟ್ಟರೋ ತಿಳಿಯದು, ವಾರದೊಳಗೆ ಆಕೆ ಕಂಟೆವ್ವ ಆಗಿದ್ದಳು.

ಬೇಲಿ ಉಳಿಯಿತು. ಕೆಲವು ವರ್ಷ ಚೆನ್ನಾಗಿಯೇ ಉಳಿಯಿತು. ಸುತ್ತಲಿನ ಬೇಲಿಗಳಿಂದ ನೆಲೆ ತಪ್ಪಿ ಬಂದವುಗಳಿಗೆಲ್ಲ ಅದೊಂದೇ ಆಸರೆ. ಒಂದು ಕೌಜುಗ ಕೂಗುತ್ತಿದ್ದಲ್ಲಿ ಮೂರು ನಾಲ್ಕು ಕೂಗತೊಡಗಿದವು. ಮಾಸ್ತರರ ಹಾಜರಿ ಮುಗಿಯಲು ಈಗ ಮೊದಲಿಗಿಂತ ಹೆಚ್ಚು ಹೊತ್ತು ಬೇಕಾಗುತ್ತಿತ್ತು. ಆದರೆ ಹಳ್ಳದ ತುದಿಯಿಂದ ಶುರುಮಾಡಿ, ಕಲ್ಲು ಇನ್ನೂ ದೂರವಿರುವಾಗಲೇ ತಿರುಗಿಬಿಡುತ್ತಿದ್ದರು. ದಾರಿಯಲ್ಲಿ ಯಾರಾದರೂ ಸಿಕ್ಕು, “ಕಂಟೆವ್ವ ನಿಮ್ಮ ಹೊಲದಾಗ ಮೂಡ್ಯಾಳ್ರಿ ಮಾಸ್ತರ, ಪುಣ್ಯವಂತ್ರು ನೀವು,” ಎಂದರೆ ಬೆತ್ತ ಕುಟ್ಟುತ್ತ ಸಾಗುತ್ತಿದ್ದರು. ಸಂಜೆ ಮಕ್ಕಳನ್ನು ಕೂರಿಸಿಕೊಂಡು ವಚನ ಹೇಳಿಸುತ್ತಿದ್ದರು, ಅದನ್ನು ಬಿಟ್ಟರು. ನಾನು ಕೇಳಿದ್ದಕ್ಕೆ, “ಯಾವ ಬಾಯಲೆ ಹೇಳಸ್ಲಿ?” ಎಂದರು, ಅಷ್ಟೆ…

ನನಗೆ ಇಂದಿಗೂ ಸಿಟ್ಟು ಬರುವುದು ಇಲ್ಲಿಯೇ. ಹಕ್ಕಿ ಇರಲಿ, ಮೊಲ ಇರಲಿ, ಇವೂ ನಮ್ಮ ಜೊತೆ ಬದುಕಲಿ ಎಂದು ಆ ಮನುಷ್ಯ ನೆಟ್ಟಗೆ ಹೇಳಿದಾಗ ಒಬ್ಬನೂ ಕೇಳಲಿಲ್ಲ. ಒಂದು ಕಲ್ಲಿಗೆ ಅರಿಸಿನ ಬಳಿದದ್ದೇ ಊರೆಲ್ಲ ಕೈಕಟ್ಟಿ ನಿಂತಿತು. ಬದುಕಿರುವ ಜೀವಕ್ಕೆ ಕೊಡದ ಮರ್ಯಾದೆಯನ್ನು ಕಲ್ಲಿಗೆ ಕೊಟ್ಟರು. ಅದಕ್ಕಾಗಿ ಮಾಸ್ತರರು ಜೀವಮಾನವಿಡೀ ಹಿಡಿದುಕೊಂಡು ಬಂದ ಮಾತನ್ನು ಬಿಡಬೇಕಾಯಿತು.

ಆಮೇಲೆ ಭಕ್ತರು ಶುರುವಾದರು. ಮಂಗಳವಾರ, ಶುಕ್ರವಾರ ಕಾಯಿ, ಕರ್ಪೂರ. ಮುಳ್ಳು ಹೆಂಗಸರ ಸೀರೆಗೆ ಸಿಗುತ್ತದೆ ಎಂದು ಕಲ್ಲಿನ ಸುತ್ತ ಸ್ವಲ್ಪ ಸವರಿದರು. ಕೂರಲು ಜಾಗ ಬೇಕೆಂದು ಇನ್ನಷ್ಟು ಸವರಿದರು. ಕಟ್ಟೆ ಕಟ್ಟಿದರು. ಕಟ್ಟೆಯ ಮೇಲೆ ಹಕ್ಕಿ ಹಿಕ್ಕೆ ಹಾಕುತ್ತವೆ ಎಂದು ಮೇಲಿನ ಟೊಂಗೆ ಕಡಿದರು. ತಗಡಿನ ಚಪ್ಪರ ಬಂತು, ದೀಪದ ಕಂಬ ಬಂತು, ಮೈಕು ಬಂತು. ಮೈಕು ಬಂದ ಮೇಲೆ ಆ ತುದಿಯಲ್ಲಿ ಕೌಜುಗದ ಕೂಗು ಕೇಳಲಿಲ್ಲ. ಜೆಸಿಬಿ ತಂದ ಅದೇ ಮೆಂಬರ ಈಗ ಕಂಟೆವ್ವನ ಕಮಿಟಿಯ ಅಧ್ಯಕ್ಷ. ಅವನ ಭಕ್ತಿಗೆ ಏನು ಹೇಳುವುದು! ದೂರದೂರಿನಿಂದ ಮಂದಿ ಬರುತ್ತಾರೆ, ಸಮುದಾಯ ಭವನ ಕಟ್ಟೋಣ, ಗಾಡಿ ನಿಲ್ಲಿಸಲು ಜಾಗ ಮಾಡೋಣ, ಭಕ್ತರಿಗೆ ಹಾವಿನ ಭಯ ಬೇಡ, ಹಳ್ಳದವರೆಗೂ ಎಲ್ಲ ಸ್ವಚ್ಛ ಮಾಡೋಣ ಎಂದು ಸಭೆ ಕರೆದ. ಯಾರನ್ನು ಕಾಯಲು ಕಂಟೆವ್ವ ಬಂದಳೋ ಅವರನ್ನೇ ಆಕೆಯ ಹೆಸರಿನಲ್ಲಿ ಒಕ್ಕಲೆಬ್ಬಿಸುವ ಸಭೆ ಅದು.

ತಗಡಿನ ಚಪ್ಪರದ ಕೆಳಗೆ ಊರೆಲ್ಲ ಸೇರಿತ್ತು. ಅಪ್ಪ ನಮ್ಮ ಕಡೆಯ ಅರ್ಧವನ್ನು ಬಿಟ್ಟುಕೊಡಲು ಆಗಲೇ ಒಪ್ಪಿದ್ದ. ದೇವರ ಹೆಸರೆತ್ತಿದ ಮೇಲೆ ಇಲ್ಲ ಎನ್ನುವ ಧೈರ್ಯ ಅವನಿಗಿರಲಿಲ್ಲ. ಮಾಸ್ತರರ ಒಪ್ಪಿಗೆ ಒಂದು ಬಾಕಿ. ಅವರು ಎದ್ದು ನಿಂತರು. ಸಾಲಿಯಲ್ಲಿ ನಿಂತ ಹಾಗೆ ಬೆತ್ತವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

“ಆ ಕಲ್ಲ ನಾ ಇಟ್ಟೇನಿ,” ಎಂದರು. “ಹಳ್ಳದಾಗಿಂದ ನಾನ ಹೊತ್ತು ತಂದೇನಿ. ನೀವು ಬೇಲಿ ಕೀಳಬಾರದು ಅಂತ ಇಟ್ಟೇನಿ. ಅದರಾಗ ಅವ್ವನೂ ಇಲ್ಲ, ಅಪ್ಪನೂ ಇಲ್ಲ. ಭಂಡಾರ ಕೊಟ್ಟಾಕಿ ಇಲ್ಲೇ ಅದಾಳ, ಕೇಳ್ರಿ ಬೇಕಾದ್ರ.”

ಎಲ್ಲರೂ ಅವ್ವನ ಕಡೆ ತಿರುಗಿದರು. ಅವ್ವ ಸೆರಗು ಸರಿಮಾಡಿಕೊಂಡು ಎದ್ದು, “ಹೌದು, ನಾನ ಕೊಟ್ಟೇನಿ. ಅವರು ಹೇಳೂದು ಖರೆ ಐತಿ,” ಎಂದಳು.

ಕೆಲಸ ಆಯಿತು, ಈಗ ಬೈಗುಳ ಶುರುವಾಗುತ್ತದೆ, ಕಲ್ಲು ಎತ್ತಿ ಹಳ್ಳಕ್ಕೆ ಒಗೆಯುತ್ತಾರೆ ಎಂದು ನಾನು ಅಂದುಕೊಂಡೆ. ಮುಂದೆ ಕೂತಿದ್ದ ಒಬ್ಬ ಮುದುಕಿ ಎರಡೂ ಕೈ ಜೋಡಿಸಿದಳು.

“ಹಳ್ಳದಾಗ ಅಷ್ಟು ಕಲ್ಲ ಅದಾವ್ರಿ ಮಾಸ್ತರ. ಇದೊಂದ ಕಲ್ಲ ನಿಮ್ಮ ಕಣ್ಣಿಗೆ ಯಾಕ ಬಿತ್ತು? ಕಲ್ಲದೇವ್ರಂದ್ರ ಆಗದವರ ಹೆಗಲ ಮ್ಯಾಲ ಕುಂತು ಬಂದಾಳ ನೋಡ್ರಿ ನಮ್ಮವ್ವ!”

ಚಪ್ಪರವೆಲ್ಲ ಚಪ್ಪಾಳೆ. ಕೆಲವರು ಬಂದು ಅವರ ಕಾಲಿಗೆ ಬಿದ್ದರು. ಮಾಸ್ತರರು ಬೇಡ ಬೇಡ ಎನ್ನುತ್ತ ಹಿಂದೆ ಸರಿದರು, ಇನ್ನೇನೋ ಹೇಳಲು ಬಾಯಿ ತೆಗೆದರು, ಅಷ್ಟರಲ್ಲಿ ಮೆಂಬರ ಒಂದು ಶಾಲು ತರಿಸಿ ಹೊದಿಸಿಯೇಬಿಟ್ಟ. ಸುಳ್ಳು ಹೇಳಿದಾಗ ನಂಬಿದ ಊರು, ಖರೆ ಹೇಳಿದಾಗ ಶಾಲು ಹೊದಿಸಿ ಬಾಯಿ ಮುಚ್ಚಿಸಿತು. ಬೈದಿದ್ದರೆ ಅವರು ತಡೆದುಕೊಳ್ಳುತ್ತಿದ್ದರು. ಜಾಗ ಕೊಡುವುದಿಲ್ಲ ಎಂದು ಅವರು ಹೇಳಿದ್ದು ಆ ಗದ್ದಲದಲ್ಲಿ ನನಗೆ ಕೇಳಿಸಿತು. ಕಮಿಟಿಗೆ ಕೇಳಿಸಲಿಲ್ಲ.

ವಾರದೊಳಗೆ ಜೆಸಿಬಿ ಬಂತು. ಈ ಸಲ ಡ್ರೈವರ ಮೊದಲು ಕಂಟೆವ್ವನಿಗೆ ಕಾಯಿ ಒಡೆದು, ಗಾಡಿಗೆ ಭಂಡಾರ ಹಚ್ಚಿ ಕೆಲಸ ಶುರುಮಾಡಿದ. ಮಾಸ್ತರರು ತಡೆಯಲು ಹೋದರು. ಹಿರಿಯರೆಂದು ನಾಲ್ಕು ಮಂದಿ ಮರ್ಯಾದೆಯಿಂದಲೇ ತೋಳು ಹಿಡಿದು ಕರೆದುಕೊಂಡು ಹೋಗಿ ನೆರಳಲ್ಲಿ ಕೂರಿಸಿ ಚಹಾ ಕೊಟ್ಟರು. ಹಳ್ಳದವರೆಗೆ ಮುಟ್ಟಲು ಅರ್ಧ ದಿನವೂ ಬೇಕಾಗಲಿಲ್ಲ. ಮೊಲಗಳು ಬಯಲಿಗೆ ಬಿದ್ದು ಎತ್ತ ಓಡಬೇಕೆಂದು ತಿಳಿಯದೆ ಮತ್ತೆ ಗಾಡಿಯ ಕಡೆಗೇ ಓಡಿಬಂದವು. ನಾಯಿಗಳಿಗೆ ಹಬ್ಬ. ಮುಂಗುಸಿಯೊಂದು ಬಾಯಲ್ಲಿ ಮರಿ ಕಚ್ಚಿಕೊಂಡು ಹಳ್ಳದ ಕಡೆ ಹೋದದ್ದನ್ನು ಕಂಡೆ, ಅದು ಮತ್ತೆ ಇನ್ನೊಂದು ಮರಿಗೆ ಬಂದಾಗ ಅಲ್ಲಿ ಕಂಟಿ ಇರಲಿಲ್ಲ.

ಸಂಜೆ ಮಾಸ್ತರರು ನಮ್ಮ ಮನೆಗೆ ಬಂದರು. ಕೈಯಲ್ಲಿ ಅದೇ ಶಾಲು, ಗಂಟಿನ ಹಾಗೆ ಹಿಡಿದಿದ್ದರು. ಬಿಚ್ಚಿದರೆ ಒಳಗೆ ಕೌಜುಗದ ಮೊಟ್ಟೆಗಳು. ಮಣ್ಣಿನ ಹೆಂಟೆಗಳ ನಡುವೆ ಆರಿಸಿದ್ದರು, ಕೈಬೆರಳೆಲ್ಲ ಮುಳ್ಳು ಗೀರಿ ರಕ್ತ ಆಗಿತ್ತು. ಮೊಟ್ಟೆ ಮುಟ್ಟುವ ಮನೆತನವಲ್ಲ ಅವರದು.

“ನಿನ್ನ ಕೋಳಿ ಕಾವಿಗೆ ಕುಂತೈತಿ ಅಂತ ಕೇಳಿದ್ದೆ ತಂಗೀ. ಇವನ್ನ ಇಡಾಕ ಬರ್ತೈತೇನು?” ಎಂದರು.

ಅವ್ವ ಇಟ್ಟಳು. ಕೆಲವು ಕೆಟ್ಟಿದ್ದವು, ಕೆಲವು ಒಡೆದು ಮರಿಯಾದವು. ಮಾಸ್ತರರು ದಿನಾ ಬಂದು ಕೋಳಿಗೂಡಿನ ಮುಂದೆ ಕೂರುತ್ತಿದ್ದರು. ಮರಿಗಳು ಹುಟ್ಟಿದ ದಿನವೇ ಓಡಾಡತೊಡಗಿದವು, ಹೇಂಟೆ ಕರೆದರೆ ತಿರುಗಿ ನೋಡಲಿಲ್ಲ. ಹದ್ದಿನ ನೆರಳು ಕಂಡರೆ ಹುಲ್ಲೊಳಗೆ ಅಡಗಬೇಕೆಂಬುದು ಅವಕ್ಕೆ ಹುಟ್ಟಿನಿಂದಲೇ ಗೊತ್ತಿತ್ತು. ಎರಡೇ ದಿನದಲ್ಲಿ ಹಿತ್ತಿಲು ದಾಟಿ ಹೊಲಕ್ಕಿಳಿದವು. ಅಡಗಲು ಅಲ್ಲಿ ಏನೂ ಇರಲಿಲ್ಲ. ಬೋಳು ನೆಲ. ಅವ್ವ, ನಾನು, ಮಾಸ್ತರರು ಮೂವರೂ ಹಿಡಿಯಲು ಓಡಾಡಿದೆವು, ಕೈಗೆ ಸಿಗಲಿಲ್ಲ. ಮೇಲೆ ಹದ್ದು ಸುತ್ತುತ್ತಿತ್ತು. ಮಾಸ್ತರರು ಬೆತ್ತ ಬೀಸಿ ಬೀಸಿ ಸುಸ್ತಾಗಿ ನೆಲಕ್ಕೆ ಕೂತರು.

ಆಮೇಲೆ ಒಂದೆರಡು ಸಲ ಅವರನ್ನು ಬೆಳಿಗ್ಗೆ ಹೊಲದಲ್ಲಿ ಕಂಡೆ. ಬೇಲಿ ಇದ್ದ ಜಾಗದ ಗುಂಟ ನಡೆಯುತ್ತಿದ್ದರು. ಹಾಜರಿ ಕರೆಯುತ್ತಿರಲಿಲ್ಲ. ಮರುವರ್ಷ ಸೀಗಿಹುಣ್ಣಿಮೆಯ ಹೊತ್ತಿಗೆ ಮಾಸ್ತರರು ಇರಲಿಲ್ಲ. ಅವರ ಹೊಲದಲ್ಲಿಯೇ ಮಣ್ಣು ಮಾಡಿದರು. ಕಮಿಟಿಯಿಂದ ದೊಡ್ಡ ಹಾರ ಬಂದಿತ್ತು.

ಇಷ್ಟೆಲ್ಲ ಬನಶಂಕರಿಯ ಆ ಹೆಂಗಸಿಗೆ ಹೇಳಲಾಗಲಿಲ್ಲ. ಇಳಕಲ್ಲಿಗೆ, ನನ್ನ ಮನೆಗೆ, ನೆಟ್ಟಗೆ ಹೋಗಬೇಕಾದವಳು ಹುನಗುಂದದಲ್ಲಿ ಇಳಿದು ಟಂಟಂ ಹತ್ತಿ ಊರಿಗೆ ಹೋದೆ. ಅಪ್ಪ, ಅವ್ವ ಇಬ್ಬರೂ ಹೋದ ಮೇಲೆ ಆ ಕಡೆ ಕಾಲಿಟ್ಟಿರಲಿಲ್ಲ. ಕಂಟೆವ್ವನಿಗೆ ಈಗ ಟೈಲ್ಸಿನ ಗುಡಿ, ಸ್ಟೀಲಿನ ಗೇಟು. ಬೇಲಿ ಇದ್ದಲ್ಲಿ ಸಿಮೆಂಟಿನ ಹಾಸು, ಅದರ ಅಂಚಿಗೆ ಎಲ್ಲಿಂದಲೋ ತಂದ, ಹೂವೂ ಹಣ್ಣೂ ಬಿಡದ ಗಿಡಗಳನ್ನು ಕತ್ತರಿಯಲ್ಲಿ ಸಮ ಮಾಡಿ ನಿಲ್ಲಿಸಿದ್ದಾರೆ. ಅದರ ಪಕ್ಕದಲ್ಲಿ ಒಂದು ಮೊಲ. ಸಿಮೆಂಟಿನದು. ಬಿಳಿ ಬಣ್ಣ, ಕೆಂಪು ಕಣ್ಣು, ಅಗಲಕ್ಕೆ ತೆರೆದ ಬಾಯಿ. ಬಾಯೊಳಗೆ ನೀರಿನ ಬಾಟಲಿ, ಚಿಪ್ಸಿನ ಪಾಕೀಟು. ಹೊಟ್ಟೆಯ ಮೇಲೆ ‘ನನ್ನನ್ನು ಬಳಸಿರಿ’ ಎಂದು ಬರೆದಿತ್ತು. ಮೊಲಗಳು ಮರಿ ಹಾಕುತ್ತಿದ್ದ ಜಾಗದಲ್ಲಿ ಕಸ ತಿನ್ನುವ ಮೊಲವನ್ನು ನಿಲ್ಲಿಸಿದವರಿಗೆ ನಾಚಿಕೆ ಎನ್ನುವುದು ಒಂದಿಷ್ಟಾದರೂ ಬೇಡವೇ?

ಒಳಗೆ ಹೋದೆ. ಗೋಡೆಯ ಮೇಲೆ ಮಾಸ್ತರರ ಫೋಟೋ ತೂಗುಹಾಕಿದ್ದರು. ಸಭೆಯ ದಿನದ್ದು, ಅದೇ ಶಾಲು ಹೊದ್ದಿದ್ದಾರೆ. ಕೆಳಗೆ ‘ಸಂಸ್ಥಾಪಕರು’ ಎಂದು ಬರೆಸಿದ್ದಾರೆ. ಗಾಜಿನ ಮೇಲೆ, ಹಣೆಯ ವಿಭೂತಿಯನ್ನು ಮುಚ್ಚಿ, ದಪ್ಪಗೆ ಕುಂಕುಮ ಮೆತ್ತಿದೆ. ಮುಂದೆ ಊದಿನಕಡ್ಡಿ. ಕಲ್ಲಿಗೆ ಕೈಮುಗಿಯದವರನ್ನು ತಂದು ಕಲ್ಲಿನ ಪಕ್ಕಕ್ಕೇ ತೂಗುಹಾಕಿ ಪೂಜೆ ಮಾಡುತ್ತಿದ್ದಾರೆ. ನನಗೆ ತಡೆಯಲಾಗಲಿಲ್ಲ. ಸೆರಗು ಎಳೆದುಕೊಂಡು ಗಾಜನ್ನು ತಿಕ್ಕಿ ತಿಕ್ಕಿ ಒರೆಸಿದೆ. ಕುಂಕುಮ ಹೋಗಿ ವಿಭೂತಿ ಕಂಡಿತು. ಪೂಜಾರಿ ಓಡಿ ಬಂದ, ಹೊಸ ಹುಡುಗ, ನನ್ನ ಗುರುತಿಲ್ಲ. ಅವನು ಏನೇನೋ ಅಂದ, ನಾನು ಕೇಳಿಸಿಕೊಳ್ಳಲಿಲ್ಲ. ಚೀಲದಿಂದ ಮುತ್ತಲ ಎಲೆಯ ಪೊಟ್ಟಣ ತೆಗೆದು ಬಿಚ್ಚಿ, ಕವಳಿಹಣ್ಣನ್ನು ಫೋಟೋದ ಕೆಳಗೆ ಇಟ್ಟೆ. ಒಂದೆರಡು ಒಡೆದು ರಸ ಟೈಲ್ಸಿಗೆ ಇಳಿಯಿತು.

“ಅಲ್ಲಿ ಇಡಬ್ಯಾಡ್ರಿ ಅಕ್ಕಾರ, ಇರಿವಿ ಬರ್ತಾವ,” ಎಂದ.

“ಬರ್ಲಿ ಬಿಡಪ್ಪಾ,” ಎಂದೆ. “ಇವರಿಗೆ ಹಾಜರಿ ಹೇಳಾಕ ಯಾರರೆ ಬರಬೇಕಲ್ಲ.”